ಅಜ್ಜನ ಗ್ಯಾಸ್‌ಲೈಟು ಮತ್ತು 40 ಸೆಕೆಂಡಿನ ವಿಡಿಯೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಬರಹ ಹುಟ್ಟಿದ್ದು ನಾನು ಮಾಡಿದ ಒಂದು ಎಡವಟ್ಟಿನಿಂದ.

ಕಳೆದ ಮಳೆಗಾಲದ ಒಂದು ರಾತ್ರಿ. ಬೆಂಗಳೂರಿನ ರೂಮಿನಲ್ಲಿ ಊಟ ಮುಗಿಸಿ, ಆಫೀಸಿನ ಬಿಲ್ಡ್ ಮುಗಿಯುವುದನ್ನು ಕಾಯುತ್ತಾ ಮೊಬೈಲು ಉಜ್ಜುತ್ತಾ ಕೂತಿದ್ದೆ. ಒಂದಾದ ಮೇಲೊಂದು ವಿಡಿಯೋ. ಬೆಕ್ಕು, ಕ್ರಿಕೆಟ್ಟು, ಕುಂದಾಪ್ರ ಕನ್ನಡದ ಕಾಮಿಡಿ, ಬೈಬಲ್ಲಿನ ಒಂದು ವಾಕ್ಯದ ಮೇಲೆ ಎರಡು ನಿಮಿಷದ ಪ್ರವಚನ, ಮತ್ತೆ ಬೆಕ್ಕು... ಇದರ ನಡುವೆ 40 ಸೆಕೆಂಡಿನ ಒಂದು ಯಕ್ಷಗಾನದ ತುಣುಕು ಬಂತು. ಯಾವುದೋ ಹೊಸ ಪ್ರಸಂಗ. ಹಾಸ್ಯಗಾರ ನಮ್ಮ ಪಾದ್ರಿಗಳ ಧಾಟಿಯಲ್ಲಿ, ಕೊಂಕಣಿ ಎಳೆತ ಸೇರಿಸಿ, ಕನ್ನಡದಲ್ಲಿ ಆಶೀರ್ವಚನ ಕೊಡುತ್ತಿದ್ದಾನೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಕೆಳಗೆ ಯಾರೋ ಪುಣ್ಯಾತ್ಮರು ಬೆಂಕಿ ಹಚ್ಚುವಂಥ ಒಂದು ಶೀರ್ಷಿಕೆ ಬೇರೆ ಹಾಕಿದ್ದರು.

ನನಗೆ ಮೊದಲು ನಗು ಬಂತು. ಆಮೇಲೆ ಯಾಕೋ ಚುರ್ ಅಂತು. ಮೂರನೆಯದಾಗಿ, ಯೋಚಿಸುವ ಮೊದಲೇ, ಹೆಬ್ಬೆರಳು ಕೆಲಸ ಮಾಡಿತು. "ನೋಡಿ, ನಮ್ಮ ಬಗ್ಗೆ ಹೀಗೆಲ್ಲ ಮಾಡ್ತಾರೆ" ಅಂತ ಒಂದು ಸಾಲು ಸೇರಿಸಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ.

ಬೆಳಿಗ್ಗೆ ಏಳುವಷ್ಟರಲ್ಲಿ ಅದು ದುಬೈ, ಮಸ್ಕತ್, ಮುಂಬೈ ಎಲ್ಲ ಸುತ್ತಿ, ಇನ್ನಷ್ಟು ಕೋಪದ ಸಾಲುಗಳನ್ನು ಅಂಟಿಸಿಕೊಂಡು ನನಗೇ ವಾಪಸ್ ಬಂದಿತ್ತು. ಇನ್ನು ಆಟಕ್ಕೆ ಚಂದಾ ಕೊಡಬಾರದು ಅಂತ ಒಬ್ಬರು, ಪೊಲೀಸರಿಗೆ ದೂರು ಕೊಡಬೇಕು ಅಂತ ಇನ್ನೊಬ್ಬರು. ಅಷ್ಟೊತ್ತಿಗೆ ಅಪ್ಪನ ಫೋನು ಬಂತು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಆ ವೇಷದ ಒಳಗೆ ಇದ್ದದ್ದು ಯಾರು ಅಂತ ಗೊತ್ತಾಯ್ತಾ ನಿಂಗೆ?"

ಗೊತ್ತಾಗಿರಲಿಲ್ಲ. ಬಣ್ಣ ಹಚ್ಚಿದ್ದ ಮುಖ ನೋಡಿ! ಅವರು ನಮ್ಮ ಅಜ್ಜನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು.

* * *

ನಮ್ಮ ಅಜ್ಜನ ಕಥೆ ಹೇಳಬೇಕು. ಕೋಟೇಶ್ವರದ ಹತ್ತಿರ ಅವರದ್ದೊಂದು ಸಣ್ಣ ಅಂಗಡಿ ಇತ್ತು. ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಅಂಗಡಿ. ಈಗಿನವರಿಗೆ ಗ್ಯಾಸ್‌ಲೈಟು ಅಂದರೆ ಏನು ಅಂತ ವಿವರಿಸಬೇಕಾದೀತು. ಅದು ಸೀಮೆಎಣ್ಣೆಯ ದೀಪ, ಪೆಟ್ರೋಮ್ಯಾಕ್ಸ್ ಅಂತಲೂ ಹೇಳುತ್ತಿದ್ದರು, ಅದು ಜರ್ಮನಿಯ ಬ್ರ್ಯಾಂಡಿನ ಹೆಸರು. ಕೆಳಗಿನ ಟಾಂಕಿಯಲ್ಲಿ ಎಣ್ಣೆ. ಪಂಪು ಹೊಡೆದರೆ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದು ಆವಿಯಾಗಿ, ರೇಷ್ಮೆಬಟ್ಟೆಯ ಸಣ್ಣ ಚೀಲದಂಥ ಮ್ಯಾಂಟಲ್ಲಿನಲ್ಲಿ ಉರಿಯುತ್ತದೆ. ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿಯ ಬಲೆ. ಬೆರಳು ತಾಗಿದರೂ ಉದುರಿ ಹೋಗುತ್ತದೆ. ಮತ್ತೆ ಮುಖ್ಯ ವಿಷಯ, ಹಚ್ಚಿಟ್ಟು ಮಲಗುವ ಹಾಗಿಲ್ಲ. ಹೊತ್ತು ಕಳೆದ ಹಾಗೆ ಒತ್ತಡ ಇಳಿಯುತ್ತದೆ, ಬೆಳಕು ಕೆಂಪಾಗುತ್ತದೆ, ಯಾರಾದರೂ ಎದ್ದು ಹೋಗಿ ಗಾಳಿ ಹಾಕಲೇಬೇಕು.

ಅಜ್ಜನ ದೀಪಗಳು ಎಲ್ಲ ಕಡೆಗೂ ಹೋಗುತ್ತಿದ್ದವು. ಇಗರ್ಜಿಯ ಹಬ್ಬಕ್ಕೆ, ಕೋಟೇಶ್ವರದ ಕೊಡಿ ಹಬ್ಬಕ್ಕೆ, ಬ್ಯಾರಿಗಳ ಮದುವೆಗೆ, ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಸಭೆಯವರ ಮನೆಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಗದ್ದೆಯಲ್ಲಿ ನಡೆಯುವ ಬಯಲಾಟಕ್ಕೆ. ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ, ಕಮಲಶಿಲೆ ಮೇಳ... ಸುಗ್ಗಿ ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಎರಡು ಬದಿಗೆ ಎರಡು ಗ್ಯಾಸ್‌ಲೈಟು. ರಾತ್ರಿ ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆ ಶುರುವಾದರೆ ಬೆಳಗಿನ ಮಂಗಳದವರೆಗೆ ದೀಪದ ಹುಡುಗನಾಗಿ ಅಜ್ಜ ಅಲ್ಲೇ. ಹಾಗಾಗಿ ಸಂಜೆ ಮನೆಯಲ್ಲಿ ತೇರ್ಸ್ ಹೇಳಿ, ಕೊರಳಲ್ಲಿ ಬೆಂತಿಣ ಹಾಕಿಕೊಂಡು ಹೋದ ಒಬ್ಬ ಕ್ರಿಸ್ತುವ ಇಡೀ ಮಹಾಭಾರತವನ್ನು ರಂಗಸ್ಥಳದ ಪಕ್ಕದಿಂದಲೇ ನೋಡಿ ಮುಗಿಸಿದ್ದ. ಒಮ್ಮೆಯಲ್ಲ, ಎಷ್ಟೋ ಸಲ.

ಭಾನುವಾರದ ಪೂಜೆಯಲ್ಲಿ ನಿದ್ದೆ ತೂಗಿದ್ದಕ್ಕೆ ಒಮ್ಮೆ ಒಬ್ಬ ಪಾದ್ರಿ ಹಿಡಿದು ಕೇಳಿದರಂತೆ, "ಅಲ್ಲಿ ಬೆಳಗಿನ ತನಕ ಕೂತ್ಕೊಳ್ತೀಯಲ್ಲ, ನಿನಗೆ ಅಲ್ಲೇನು ಕೆಲಸ?" ಅಂತ. ಅಜ್ಜ ಹೇಳಿದ ಉತ್ತರ ನಮ್ಮ ಮನೆಯಲ್ಲಿ ಗಾದೆಯೇ ಆಗಿಹೋಗಿದೆ. "ದೀಪಕ್ಕೆ ಗಾಳಿ ಹಾಕೂಕೆ ಒಬ್ಬ ಬೇಕಲ್ದಾ ಫಾದರ್?"

ಈ ಪ್ರಶ್ನೋತ್ತರ ನಮ್ಮ ಅಜ್ಜನದ್ದು ಮಾತ್ರ ಅಲ್ಲ, ನಮ್ಮ ಕಡೆಯ ಕ್ರೈಸ್ತರೆಲ್ಲರದ್ದೂ ಹೌದು ಅಂತ ನನಗೆ ಈಗ ಅನ್ನಿಸುತ್ತದೆ. ನಾವು ಇಲ್ಲಿಗೆ ಹೊಸಬರಲ್ಲ. 1569ರಲ್ಲಿ ಪೋರ್ಚುಗೀಸರು ಬಸ್ರೂರಿನ ಕೋಟೆಗೆ ಕೈ ಹಾಕಿದ ಕಾಲದ್ದು ಕುಂದಾಪುರದ ರೊಸಾರಿ ಮಾತೆಯ ಇಗರ್ಜಿ. ಅದರ ಹುಟ್ಟು 1570 ಅಂತ ಲೆಕ್ಕ. 1681ರಿಂದ 1684ರ ತನಕ ಗೋವಾದ ಪಾದ್ರಿ ಜೋಸೆಫ್ ವಾಜ್ ಈ ಕರಾವಳಿಯಲ್ಲೆಲ್ಲ ಓಡಾಡಿದರು, ಗಂಗೊಳ್ಳಿಯವರು ಇಂದಿಗೂ ಅವರನ್ನು ನೆನೆಯುತ್ತಾರೆ. 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯದ್ದು 19ನೇ ಶತಮಾನದ ಕೊನೆಯ ಕಥೆ. 1889ರಲ್ಲಿ ಬಿಷಪ್ ಆದ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಜೊತೆ ಹೋದ ಕೊಂಕಣಿ ಕುಟುಂಬಗಳವು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ಕುಂದಗನ್ನಡ. ಹಾರಾಡಿ, ಮಟಪಾಡಿ ಅಂತ ಬಡಗುತಿಟ್ಟಿನ ಎರಡು ಶೈಲಿಗಳ ಹೆಸರು ಕೇಳಿದ್ದೀರಲ್ಲ, ಎರಡೂ ಬ್ರಹ್ಮಾವರದ ಆಸುಪಾಸಿನ ಊರುಗಳೇ. ಅಂಥ ಊರುಗಳ ನಡುವೆ ನಾಲ್ಕು ಶತಮಾನ ಇದ್ದು ಚಂಡೆಯ ಸದ್ದು ಕಿವಿಗೆ ಬೀಳದ ಹಾಗೆ ಇರುವುದು ಹೇಗೆ ಸ್ವಾಮಿ?

* * *

ಎಡವಟ್ಟಾದ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಒಬ್ಬರ ದೇವರ ಕಥೆಯನ್ನು ಇನ್ನೊಬ್ಬರು ನೋಡಿದಾಗ ಏನಾಗುತ್ತದೆ? ಹುಡುಕುತ್ತಾ ಹೋದರೆ ಎಂಥೆಂಥಾ ವಿಷಯ ಸಿಕ್ಕಿತು ನೋಡಿ.

ಭಾರತದ ಸಿನಿಮಾ ಹುಟ್ಟಿದ್ದೇ ಹಾಗೆ! 1910ರ ಸುಮಾರಿಗೆ ಮುಂಬೈಯ ಒಂದು ಚಿತ್ರಮಂದಿರದಲ್ಲಿ ಧುಂಡಿರಾಜ್ ಗೋವಿಂದ ಫಾಲ್ಕೆ ಅನ್ನುವವರು ಯೇಸುವಿನ ಜೀವನದ ಮೂಕಿ ಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಓಡುತ್ತಿದ್ದವಂತೆ. ಮುಂದೆ ಅವರೇ 1917ರಲ್ಲಿ ಮರಾಠಿ ಪತ್ರಿಕೆಯೊಂದರಲ್ಲಿ ಇದನ್ನು ಬರೆದುಕೊಂಡರು. ಮನೆಗೆ ಹೋಗಿ ಹೆಂಡತಿ ಸರಸ್ವತಿಬಾಯಿಯನ್ನೂ ಕರೆತಂದು ಅದೇ ಚಿತ್ರವನ್ನು ಮತ್ತೆ ನೋಡಿದರು. ಅದರ ಫಲವೇ 1913ರ ಮೇ 3ರಂದು ತೆರೆಕಂಡ 'ರಾಜಾ ಹರಿಶ್ಚಂದ್ರ'. ಶಿಲುಬೆ ನೋಡಿದ ಕಣ್ಣಿಗೆ ಹರಿಶ್ಚಂದ್ರ ಕಂಡ. ಫಾಲ್ಕೆ ಕ್ರೈಸ್ತರಾಗಲಿಲ್ಲ, ಕ್ರಿಸ್ತನನ್ನು ಗೇಲಿಯೂ ಮಾಡಲಿಲ್ಲ. ಪೂರ್ತಿ ನೋಡಿದರು, ಎರಡೆರಡು ಸಲ ನೋಡಿದರು, ಆಮೇಲೆ ತಮ್ಮ ಮನೆಯ ಕಥೆಯನ್ನು ಹೇಳಿದರು.

ಇದರ ಕನ್ನಡಿಬಿಂಬ ನಮ್ಮ ಜಿಲ್ಲೆಯ ಪಕ್ಕದಲ್ಲೇ ಇದೆ, ಅದೂ 60 ವರ್ಷ ಮೊದಲೇ. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು ಅಂತ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಆದರೆ ಅದೇ ಮನುಷ್ಯ 1850ರಲ್ಲಿ ಹರಿದಾಸರ ಹಾಡುಗಳನ್ನು ಸಂಗ್ರಹಿಸಿ 'ದಾಸರ ಪದಗಳು' ಅಂತ ಅಚ್ಚು ಹಾಕಿಸಿದರು. ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೂ ಯಾವ ಜನರನ್ನು ಬದಲಿಸಬೇಕು ಅಂತ ಬಂದರೋ ಅವರ ಹಾಡನ್ನು ಮೊದಲು ಪೂರ್ತಿ ಕೇಳಿಸಿಕೊಂಡರು, ಬರೆದಿಟ್ಟರು, ಬಾಯಲ್ಲಿದ್ದದ್ದನ್ನು ಪುಸ್ತಕ ಮಾಡಿದರು. ಅರ್ಧ ಸಾಲು ಕತ್ತರಿಸಿ "ನೋಡಿ ಇವರು ಹೀಗೆ" ಅಂತ ಊರಿಗೆ ಕಳಿಸಲಿಲ್ಲ. ನನಗೆ ಇಲ್ಲಿ ಸ್ವಲ್ಪ ನಾಚಿಕೆಯಾಯಿತು :)

* * *

ಹಾಗಾದರೆ ನಮ್ಮ ಧರ್ಮಸಭೆ ಈ ನೋಡುವ ವಿಷಯದಲ್ಲಿ ಏನು ಹೇಳಿದೆ? ಚಿಕ್ಕವನಿದ್ದಾಗ ನನಗಿದ್ದ ಕಲ್ಪನೆ ಅಂದರೆ ಚರ್ಚಿಗೆ ಸಿನಿಮಾ, ನಾಟಕ ಎಲ್ಲ ಆಗದು ಅಂತ. ಓದಿ ನೋಡಿದರೆ ಕಥೆ ಅಷ್ಟು ಸರಳ ಇಲ್ಲ.

1936ರ ಜೂನಿನಲ್ಲಿ ಪೋಪ್ 11ನೇ ಪಿಯುಸ್ ಸಿನಿಮಾದ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಅಮೆರಿಕದ ಕ್ಯಾಥೊಲಿಕರು ಹಾಲಿವುಡ್ ಚಿತ್ರಗಳ ವಿರುದ್ಧ ದೊಡ್ಡ ಚಳವಳಿ ನಡೆಸುತ್ತಿದ್ದ ಹೊತ್ತು ಅದು. ಪತ್ರದ ಧ್ವನಿ ಹೆಚ್ಚಾಗಿ ಎಚ್ಚರಿಕೆಯದ್ದೇ. ಆದರೆ ಸಿನಿಮಾ ಕೆಡಿಸಬಲ್ಲ ಹಾಗೆಯೇ ಕಲಿಸಲೂಬಲ್ಲದು ಅನ್ನುವ ಮಾತೂ ಅದರಲ್ಲಿದೆ. 21 ವರ್ಷ ಬಿಟ್ಟು, 1957ರ ಸೆಪ್ಟೆಂಬರಿನಲ್ಲಿ, 12ನೇ ಪಿಯುಸ್ ಸಿನಿಮಾ, ರೇಡಿಯೋ, ಟಿವಿ ಮೂರರ ಬಗ್ಗೆ ಇನ್ನೊಂದು ಪತ್ರ ಬರೆದರು. ಅಷ್ಟೊತ್ತಿಗೆ ಧ್ವನಿ ಬದಲಾಗಿತ್ತು, ಈ ಯಂತ್ರಗಳನ್ನು ಬೆರಗಿನ ವಸ್ತುಗಳು ಅಂತಲೇ ಕರೆದಿದ್ದರು. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಂಪರ್ಕ ಮಾಧ್ಯಮಗಳ ಬಗ್ಗೆ ಒಂದು ದಸ್ತಾವೇಜನ್ನೇ ಹೊರತಂದಿತು. 2009ರ ಜನವರಿಯಲ್ಲಿ ವ್ಯಾಟಿಕನ್ನೇ ಯುಟ್ಯೂಬಿನಲ್ಲಿ ಚಾನೆಲ್ ತೆರೆಯಿತು!

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಸಂತ ಕ್ಲಾರಾಳ ಕಥೆ. ಅಸ್ಸೀಸಿಯ ಈ ಸನ್ಯಾಸಿನಿ ತೀರಿಕೊಂಡದ್ದು 1253ರಲ್ಲಿ. ಒಂದು ಕ್ರಿಸ್ಮಸ್ ರಾತ್ರಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅವಳಿಗೆ ಇಗರ್ಜಿಗೆ ಹೋಗಲಾಗಲಿಲ್ಲ. ದೂರದಲ್ಲಿ ನಡೆಯುತ್ತಿದ್ದ ಪೂಜೆ ತಾನಿದ್ದ ಕೋಣೆಯಲ್ಲೇ ಕಂಡಿತು, ಕೇಳಿಸಿತು ಅನ್ನುವುದು ಪ್ರತೀತಿ. ಅದೇ ಕಾರಣಕ್ಕೆ 1958ರಲ್ಲಿ ಪೋಪ್ ಅವಳನ್ನು ಟಿವಿಯ ಪಾಲಕ ಸಂತಳೆಂದು ಘೋಷಿಸಿದರು. ಟಿವಿಗೂ ಒಬ್ಬ ಸಂತಳು! ಮೊದಲ ಸಲ ಓದಿದಾಗ ನಕ್ಕಿದ್ದೆ. 2020ರಲ್ಲಿ ನಗು ನಿಂತಿತು.

ಯಾಕೆಂದರೆ 2020ರ ಮಾರ್ಚಿನಲ್ಲಿ ನಮ್ಮೆಲ್ಲರ ಮನೆಯೂ ಕ್ಲಾರಾಳ ಕೋಣೆಯೇ ಆಯಿತಲ್ಲ. ಲಾಕ್‌ಡೌನಿನಲ್ಲಿ ಇಗರ್ಜಿಯ ಬಾಗಿಲು ಮುಚ್ಚಿತು. ನಮ್ಮ ಅಜ್ಜಿ ಮಂಡಿಯೂರಲು ಆಗದೆ ಕುರ್ಚಿಯಲ್ಲಿ ಕೂತು, ಮೊಬೈಲನ್ನು ಅಲ್ತಾರಿನ ಎದುರು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಪೂಜೆ ಕೇಳಿದಳು. ಮಾರ್ಚ್ 27ರಂದು ಮಳೆ ಬೀಳುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತು ಪ್ರಾರ್ಥಿಸಿದ ವಿಡಿಯೋ ನೋಡಿ ಅತ್ತಳು. ಅದೇ ತಿಂಗಳು ಮೇಳಗಳ ತಿರುಗಾಟವೂ ಅರ್ಧಕ್ಕೆ ನಿಂತಿತು. ಕಲಾವಿದರು ಮನೆಯಲ್ಲಿ ಕೂತರು. ಪೂಜೆ ಮುಗಿದ ಮೇಲೆ ಅಜ್ಜಿ ಅದೇ ಮೊಬೈಲು, ಅದೇ ಉಪ್ಪಿನ ಡಬ್ಬಿ, "ಇನ್ನೊಂದ್ ಹಾಕ್ ಮಗಾ" ಅನ್ನುವಳು. ಇನ್ನೊಂದು ಅಂದರೆ ಕಾಳಿಂಗ ನಾವಡರ ಪದ್ಯ. 1990ರಲ್ಲಿ ರಸ್ತೆ ಅಪಘಾತದಲ್ಲಿ, ಇನ್ನೂ 30 ದಾಟಿದ ಹೊಸತರಲ್ಲೇ ಹೋಗಿಬಿಟ್ಟ ಆ ಗುಂಡ್ಮಿಯ ಭಾಗವತರ ದನಿ ಕ್ಯಾಸೆಟ್ಟುಗಳಿಂದ ಎದ್ದು ಯುಟ್ಯೂಬಿಗೆ ಬಂದು ಕೂತಿದೆ. "ಇದ್ ನಿನ್ನಜ್ಜ ಕೇಂಡ ಸ್ವರ" ಅಂತ ಅಜ್ಜಿ ಕಣ್ಣು ಮುಚ್ಚುತ್ತಿದ್ದಳು. ಅವಳ ಬೆರಳಲ್ಲಿ ಆಗಲೂ ಜಪಮಣಿ ಇರುತ್ತಿತ್ತು.

* * *

ಎಲ್ಲವೂ ಹೀಗೆ ಸಿಹಿಯಾಗಿಯೇ ಇರುವುದಿಲ್ಲ. ಕೆಲವು ವಿಡಿಯೋಗಳು ನೋಡುವವನನ್ನೇ ಕಟಕಟೆಗೆ ಹತ್ತಿಸುತ್ತವೆ. ನನಗೆ ಹಾಗೆ ಮಾಡಿದ್ದು 'ಚೋಮನ ದುಡಿ'.

ಕೋಟದ ಶಿವರಾಮ ಕಾರಂತರು ನಮ್ಮ ಊರಿನವರೇ ಅನ್ನುವ ಹೆಮ್ಮೆ ನಮಗೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ. 1930ರ ಹೊಸ್ತಿಲಲ್ಲಿ ಅವರು ಎರಡು ಮೂಕಿ ಚಿತ್ರಗಳನ್ನೂ ಮಾಡಿದ್ದರು. ಒಂದರ ಹೆಸರು 'ಭೂತರಾಜ್ಯ', ಇನ್ನೊಂದರದ್ದು 'ಡೊಮಿಂಗೊ'. ಅಂದರೆ ಒಂದಕ್ಕೆ ಭೂತ, ಇನ್ನೊಂದಕ್ಕೆ ಅಪ್ಪಟ ಕ್ರಿಸ್ತುವರ ಹೆಸರು. ನಮ್ಮ ಕೇರಿಯ ಎರಡೂ ಬದಿ ಅವರ ಕಣ್ಣಿಗೆ ಬಿದ್ದಿತ್ತು ಅನ್ನಲು ಹೆಸರುಗಳೇ ಸಾಕು. 'ಚೋಮನ ದುಡಿ' ಕಾದಂಬರಿ ಬಂದದ್ದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, 1975ರ ಸಾಲಿನ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ನಾನದನ್ನು ನೋಡಿದೆ. ತನ್ನದೇ ಒಂದು ತುಂಡು ಗದ್ದೆ ಉಳಬೇಕು ಅನ್ನುವ ಆಸೆ ಚೋಮನಿಗೆ. ಅಸ್ಪೃಶ್ಯ ಅಂತ ಊರು ಅವನಿಗೆ ಭೂಮಿ ಕೊಡುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗ ನೀಲನನ್ನು ಮುಟ್ಟಿ ಮೇಲೆತ್ತುವವರಿಲ್ಲ. ಆಗ ಚೋಮ ಯೋಚಿಸುತ್ತಾನೆ. ಪಾದ್ರಿಯ ಬಳಿಗೆ ಹೋದರೆ ಭೂಮಿ ಸಿಗುತ್ತದೆ. ಹೊರಡುತ್ತಾನೆ ಕೂಡ. ಆದರೆ ದಾರಿಯಲ್ಲಿ ಅವನ ಪಂಜುರ್ಲಿ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ.

ಆ ದೃಶ್ಯದಲ್ಲಿ ನಾನು ಯಾವ ಕಡೆ? ಕ್ರೈಸ್ತನಾಗಿ "ಬಾ ಚೋಮ" ಅನ್ನಬೇಕೆ? ಆದರೆ ಅವನಿಗೆ ಬೇಕಿದ್ದದ್ದು ಗದ್ದೆ, ಬರುವುದಾದರೆ ಗದ್ದೆಗಾಗಿ ಬರುತ್ತಿದ್ದ. ಅವನ ಮಗಳು ಬೆಳ್ಳಿಯ ಬಾಳು ಹಾಳಾಗುವುದು ಕಾಫಿ ತೋಟದಲ್ಲಿ, ಅಲ್ಲಿ ಲೆಕ್ಕ ಬರೆಯುವವನ ಹೆಸರು ಮನ್ವೇಲ. ನಮ್ಮ ಮನೆಗಳಲ್ಲಿ ಇರುವ ಹೆಸರು. ಹಾಗಂತ "ಕಾರಂತರು ನಮ್ಮನ್ನು ಕೆಟ್ಟವರಾಗಿ ತೋರಿಸಿದರು" ಅಂತ ಎದ್ದು ಹೋಗುವುದೆ? ಅದೇ ಕಥೆಯಲ್ಲಿ ನೀಲನನ್ನು ಮುಳುಗಲು ಬಿಟ್ಟವರು ಯಾವ ಜಾತಿಯವರು ಅನ್ನುವುದನ್ನೂ ಕಾರಂತರು ಬಿಡದೆ ಹೇಳಿದ್ದಾರಲ್ಲ! ಪೂರ್ತಿ ನೋಡಿದವನಿಗೆ ಅಲ್ಲಿ ಯಾರ ಪಕ್ಷವೂ ಸಲೀಸಾಗಿ ಸಿಗುವುದಿಲ್ಲ. ಮನ್ವೇಲನ 40 ಸೆಕೆಂಡು ಕತ್ತರಿಸಿದರೆ ಅದು ಕ್ರೈಸ್ತರ ವಿರುದ್ಧದ ಸಿನಿಮಾ. ನೀಲನ 40 ಸೆಕೆಂಡು ಕತ್ತರಿಸಿದರೆ ಹಿಂದೂಗಳ ವಿರುದ್ಧದ ಸಿನಿಮಾ. ಇಡಿಯಾಗಿ ನೋಡಿದರೆ ಚೋಮನ ಸಿನಿಮಾ.

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂದಾಗ ಮತ್ತೆ ಅದೇ ಪಂಜುರ್ಲಿ ಎದುರಾಯಿತು. ಕುಂದಾಪುರದ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ ತಮ್ಮ ಊರಿನಲ್ಲೇ ಚಿತ್ರ ತೆಗೆದರು, ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಸಿಗದ ಭೂಮಿಯ ಪ್ರಶ್ನೆಯೇ ಅಲ್ಲೂ ಇದೆ. ಆಫೀಸಿನಲ್ಲಿ ಒಬ್ಬ, "ನೀನು ಕ್ರಿಶ್ಚಿಯನ್ ಅಲ್ವಾ, ನಿಂಗೆ ಕಾಂತಾರ ಹೇಗೆ ಕನೆಕ್ಟ್ ಆಯ್ತು?" ಅಂದ. ಏನು ಹೇಳಲಿ? ನಮ್ಮ ಅಜ್ಜ ಎಷ್ಟು ಕೋಲಗಳಿಗೆ ಗ್ಯಾಸ್‌ಲೈಟು ಹಿಡಿದಿದ್ದಾರೋ, ಆ ಕಿರುಚು ನನ್ನ ರಕ್ತದಲ್ಲೇ ಇದೆ ಮಾರಾಯ ಅಂದೆ. ನಾನು ಪಂಜುರ್ಲಿಯನ್ನು ಪೂಜಿಸುವುದಿಲ್ಲ. ಆದರೆ ಪಂಜುರ್ಲಿಯ ಎದುರು ನಿಂತವನ ಕಣ್ಣೀರು ಸುಳ್ಳು ಅಂತ ನಾನು ಹೇಗೆ ಹೇಳಲಿ?

* * *

ಈಗ ನನ್ನ ಕಸುಬಿಗೆ ಬರುತ್ತೇನೆ. 2005ರ ಏಪ್ರಿಲ್ 23ರಂದು ಯುಟ್ಯೂಬಿಗೆ ಮೊದಲ ವಿಡಿಯೋ ಏರಿತು. ಮೃಗಾಲಯದಲ್ಲಿ ಆನೆಗಳ ಎದುರು ನಿಂತು ಒಬ್ಬ ಮಾತಾಡುವುದು, ಇಡೀ ವಿಡಿಯೋ 19 ಸೆಕೆಂಡು. 2006ರಲ್ಲಿ ಒಂದು ನಿಯಮ ಬಂತು, 10 ನಿಮಿಷಕ್ಕಿಂತ ಉದ್ದದ ವಿಡಿಯೋ ಹಾಕುವ ಹಾಗಿಲ್ಲ ಅಂತ. 2010ರಲ್ಲಿ ಅದು 15 ನಿಮಿಷವಾಯಿತು, ಅದೇ ವರ್ಷದ ಕೊನೆಗೆ ಮಿತಿ ಸಡಿಲಾಯಿತು. ಆ ಕಾಲದಲ್ಲಿ ಯಕ್ಷಗಾನ ಹಾಕುತ್ತಿದ್ದವರ ಗೋಳು ನೆನಪಿದೆಯಾ? ಭಾಗ 1, ಭಾಗ 2, ಭಾಗ 3... ಬಭ್ರುವಾಹನ ಬಾಣ ಬಿಟ್ಟದ್ದು ಒಂದು ಭಾಗದಲ್ಲಿ, ಅರ್ಜುನ ಬಿದ್ದದ್ದು ಇನ್ನೊಂದರಲ್ಲಿ. ನಡುವಿನ ಒಂದು ಭಾಗ ಸಿಗುತ್ತಲೇ ಇರಲಿಲ್ಲ. ಆದರೂ ಹುಡುಕುತ್ತಿದ್ದೆವು. ತುಂಡಾಗಿದೆ ಅನ್ನುವುದು ಗೊತ್ತಿತ್ತು, ಮುಂದಿನ ತುಂಡು ಬೇಕಿತ್ತು.

2012ರಲ್ಲಿ ಯುಟ್ಯೂಬ್ ಲೆಕ್ಕ ಬದಲಿಸಿತು. ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಹೆಚ್ಚು ಅಂಕ. ಕೇಳಲು ಒಳ್ಳೆಯದೇ. ಆದರೆ ನಾನೂ ಕೋಡು ಬರೆಯುವವನು, ಒಂದು ಗುಟ್ಟು ಹೇಳುತ್ತೇನೆ. ಯಂತ್ರಕ್ಕೆ ಯಾವುದನ್ನು ಹೆಚ್ಚಿಸು ಅಂತ ಹೇಳುತ್ತೇವೋ ಅದನ್ನು ಮಾತ್ರ ಹೆಚ್ಚಿಸುತ್ತದೆ, ಯಾಕೆ ಹೆಚ್ಚಾಯಿತು ಅಂತ ಕೇಳುವುದಿಲ್ಲ. ಭಕ್ತಿಯಿಂದ ನೋಡಿದಿರೋ, ನಗುತ್ತಾ ನೋಡಿದಿರೋ, ಹಲ್ಲು ಕಚ್ಚಿಕೊಂಡು ನೋಡಿದಿರೋ, ಅದಕ್ಕೆ ಎಲ್ಲವೂ ನಿಮಿಷಗಳೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಮರವಂತೆಯ ಮೀನು ಮಾರುವ ಹೆಂಗಸಿನ ಕೈಗೂ ವಿಡಿಯೋ ಬಂತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಅದೇ ಸೆಪ್ಟೆಂಬರಿನಲ್ಲಿ ಯುಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಪರೀಕ್ಷೆಗೆ ಇಳಿಸಿದ್ದು ನಮ್ಮ ಭಾರತದಲ್ಲೇ. ಈಗ ತುಂಡುಗಳಿಗೆ ಭಾಗ 1, ಭಾಗ 2 ಅನ್ನುವ ಹೆಸರೂ ಇಲ್ಲ. ತುಂಡೇ ಪೂರ್ತಿ ಅನ್ನುವ ಹಾಗೆ ಬರುತ್ತದೆ, ಹೋಗುತ್ತದೆ.

ಇನ್ನೊಂದು ವ್ಯತ್ಯಾಸ ನನಗೆ ಹೊಳೆದದ್ದು ತಡವಾಗಿ. ಗದ್ದೆಯಲ್ಲಿ ಗ್ಯಾಸ್‌ಲೈಟಿನ ಬೆಳಕು ರಂಗಸ್ಥಳದ ಮೇಲೆ ಮಾತ್ರ ಬೀಳುತ್ತಿರಲಿಲ್ಲ, ಮುಂದೆ ಕೂತವರ ಮುಖದ ಮೇಲೂ ಬೀಳುತ್ತಿತ್ತು. ಹಾಸ್ಯಗಾರ ಪಾದ್ರಿಯನ್ನು ಅಣಕಿಸಿದರೆ ಪಕ್ಕದಲ್ಲಿ ಕೂತ ಕ್ರಿಸ್ತುವನ ಮುಖ ಎಲ್ಲರಿಗೂ ಕಾಣುತ್ತಿತ್ತು. ಅವನು ನಕ್ಕರೆ ಸರಿ, ನಗದಿದ್ದರೆ ಹಾಸ್ಯಗಾರನಿಗೂ ಗೊತ್ತಾಗುತ್ತಿತ್ತು. ಮೊಬೈಲಿನ ಬೆಳಕು ಬೀಳುವುದು ನನ್ನ ಮುಖದ ಮೇಲೆ ಮಾತ್ರ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಕಾಣುವುದೇ ಇಲ್ಲ.

* * *

ಎಡವಟ್ಟಿನ ಮುಂದಿನ ಶನಿವಾರ ಊರಿಗೆ ಹೋದೆ. ಅಪ್ಪನ ಬೈಕು ತೆಗೆದುಕೊಂಡು ಮರವಂತೆ ದಾಟಿ, ಒಂದು ಬದಿ ಕಡಲು ಒಂದು ಬದಿ ಸೌಪರ್ಣಿಕೆ ನೋಡುತ್ತಾ, ಬೈಂದೂರು ಕಡೆ ಇರುವ ಆ ಹಾಸ್ಯಗಾರರ ಮನೆಗೆ ಹೋದೆ. ವಿಷಯ ಅವರಿಗೆ ಮುಟ್ಟಿತ್ತು. ಎರಡು ದಿನ ಅನ್ನ ಸೇರಲಿಲ್ಲವಂತೆ, ಅವರ ಹೆಂಡತಿ ಹೇಳಿದರು. ನಾನು ತಲೆ ತಗ್ಗಿಸಿ, "ಕಳ್ಸಿದ್ದ್ ನಾನೇ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪೂರಾ ಕಂಡ್ಯಾ?" ಅಂದರು.

ಇಲ್ಲ ಅಂದೆ. ಅವರ ಮಗ ಒಳಗಿಂದ ಮೊಬೈಲು ತಂದು ಇಡೀ ಪ್ರಸಂಗದ ವಿಡಿಯೋ ಹಾಕಿದ. ಆ ದೃಶ್ಯ ಒಟ್ಟು 20 ನಿಮಿಷದ್ದು. ಊರಿನ ಜಗಳ ತೀರಿಸಲು ಹೊರಟ ಒಬ್ಬ ಪೆದ್ದ, ಮೊದಲು ಭಟ್ಟರ ಹಾಗೆ ಮಾತಾಡಿ ಸೋಲುತ್ತಾನೆ, ಆಮೇಲೆ ಪಟೇಲರ ಹಾಗೆ, ಆಮೇಲೆ ಪಾದ್ರಿಯ ಹಾಗೆ, ಕೊನೆಗೆ ಪಕ್ಕದಲ್ಲಿ ಕೂತ ಭಾಗವತರ ಹಾಗೆ. ಯಾರ ಹಾಗೆ ಮಾತಾಡಿದರೂ ಜಗಳ ತೀರುವುದಿಲ್ಲ. ಕಡೆಗೆ ತನ್ನದೇ ದನಿಯಲ್ಲಿ, ಹೆದರಿ ಹೆದರಿ, "ನಂದೇ ತಪ್ಪು" ಅಂದಾಗ ಜಗಳ ಮುಗಿಯುತ್ತದೆ. ಅಣಕವಾದದ್ದು ಪಾದ್ರಿಯಲ್ಲ, ಬೇರೆಯವರ ದನಿಯಲ್ಲಿ ಮಾತಾಡುವ ಪೆದ್ದ. ನಾನು ಕಳಿಸಿದ್ದು ಆ 20 ನಿಮಿಷದಲ್ಲಿ 40 ಸೆಕೆಂಡು.

ನನ್ನ ಮುಖ ನೋಡಿ ಅವರಿಗೇ ನಗು ಬಂತು. "ಆ ಪಾದ್ರಿ ಮಾತ್ ನಂಗ್ ಹೇಳ್ಕೊಟ್ಟದ್ದ್ ಯಾರಂದೇಳಿ ಗೊತ್ತಿತ್ತಾ? ನಿನ್ನಜ್ಜ! ನಾನ್ ಸಣ್ಣ್ ವೇಷ ಮಾಡತಿಗೆ ರಾತ್ರಿ ನಿದ್ದಿ ಬಪ್ಪುಕಾಗ ಅಂದೇಳಿ ದೀಪದ ಹತ್ರ ಕೂತ್ಕಂತಿದ್ದೆ. ಗಾಳಿ ಹಾಕ್ತಾ ಹಾಕ್ತಾ ಅವ್ರೇ ಪಾದ್ರಿಗಳ ಸ್ವರ ತೆಗ್ದ್ ನೆಗಾಡ್ಸ್ತಿದ್ರ್."

ಎಂತ ಹೇಳುವುದು? ನನ್ನ ಧರ್ಮಕ್ಕೆ ಅವಮಾನ ಅಂತ ನಾನು ಲೋಕಕ್ಕೆಲ್ಲ ಹಂಚಿದ ಆ ದನಿ, ನನ್ನ ಅಜ್ಜನದ್ದೇ ಆಗಿತ್ತು.

ಹೊರಡುವಾಗ ಅವರು ಹೇಳಿದ್ದು ಇಷ್ಟೇ. "ಅರ್ಧ ಕಂಡ್ ಎದ್ದ್ ಹ್ವಾಪರ್ ಆಗ್ಳೂ ಇದ್ದಿದ್ರ್ ಮಗಾ. ಆದ್ರೆ ಅವ್ರ್ ಮನಿಗ್ ಹೋಯಿ ಮಲಗ್ತಿದ್ರ್."

ರಾತ್ರಿ ಕುಟುಂಬದ ಗುಂಪಿಗೆ ಪೂರ್ತಿ ವಿಡಿಯೋದ ಕೊಂಡಿ ಹಾಕಿದೆ, "ನಂದೇ ತಪ್ಪು" ಅಂತ ಬರೆದೆ. ಮೊದಲ ತುಣುಕನ್ನು ಮುಂದೆ ಕಳಿಸಿದವರಲ್ಲಿ ಇದನ್ನು ಪೂರ್ತಿ ನೋಡಿದವರು ಮೂವರೋ ನಾಲ್ವರೋ. ದುಬೈಯ ಮಾವ ಮಾತ್ರ ಫೋನು ಮಾಡಿ, ಅಜ್ಜನ ದನಿಯ ಆ ಭಾಗವನ್ನು ಐದು ಸಲ ಕೇಳಿದೆ ಅಂದರು. ಉಳಿದ ಊರುಗಳಿಗೆ ಹೋದ ಆ 40 ಸೆಕೆಂಡು ಇನ್ನೂ ಎಲ್ಲೆಲ್ಲಿ ಸುತ್ತುತ್ತಿದೆಯೋ, ಅದನ್ನು ವಾಪಸ್ ಕರೆಯುವ ಕೋಡು ನನಗೆ ಬರೆಯಲು ಬರುವುದಿಲ್ಲ.

ನಾನು ವಿಡಿಯೋ ನೋಡುವುದನ್ನೇನೂ ಬಿಟ್ಟಿಲ್ಲ. ಆಟವನ್ನೂ ನೋಡುತ್ತೇನೆ, ಪೂಜೆಯನ್ನೂ ನೋಡುತ್ತೇನೆ, ಬೆಕ್ಕನ್ನೂ ನೋಡುತ್ತೇನೆ. ಕೋಪ ಬರಿಸುವ ತುಣುಕು ಬಂದರೆ ಮಾತ್ರ ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಇಡೀ ವಿಡಿಯೋ ಹುಡುಕುತ್ತೇನೆ, ಸಿಗದಿದ್ದರೆ ಅಲ್ಲಿಗೇ ಬಿಡುತ್ತೇನೆ. ಅಷ್ಟು ಹೊತ್ತು ಎಲ್ಲಿದೆ ಅಂತ ನೀವು ಕೇಳಬಹುದು. ಅಜ್ಜನಿಗೂ ಮರುದಿನ ಅಂಗಡಿ ತೆರೆಯುವುದಿತ್ತು. ಆದರೂ ಬೆಳಗಿನ ತನಕ ಕೂತಿದ್ದರು. ದೀಪಕ್ಕೆ ಗಾಳಿ ಹಾಕಲು ಒಬ್ಬ ಬೇಕಲ್ಲ?

ನಿಮಗೂ ಇಂಥದ್ದೊಂದು ಅನುಭವ ಆಗಿದ್ದರೆ ಹೇಳಿ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ನೋಡಿದ ಹಿರಿಯರು ಮನೆಯಲ್ಲಿದ್ದರೆ, ದಯವಿಟ್ಟು ಅವರನ್ನು ಕೂರಿಸಿ ಪೂರ್ತಿ ಕೇಳಿ.